ಕೌದಿಯ ಒಳಪದರು

ಸಾಹಿತ್ಯಕ್ಕೆಂದು ಮೀಸಲಾದ ಪುಟದಲ್ಲಿ ಹೊದಿಕೆಯೊಂದರ ವಿಮರ್ಶೆ ಏತಕ್ಕೆ ಎಂದು ವಾಚಕರು ಕೇಳಿಯಾರು. ಕೇಳುವುದು ನ್ಯಾಯವೇ. ಕಾವ್ಯ, ಕಾದಂಬರಿ, ನಾಟಕ, ಹೆಚ್ಚೆಂದರೆ ಚಿತ್ರ ಮತ್ತು ಶಿಲ್ಪ: ಇಷ್ಟಕ್ಕೆ ನಮ್ಮ ವಿಮರ್ಶೆಯ ಸೀಮೆ ಮುಗಿಯುತ್ತದೆ. ಕೌದಿಯಾದರೋ ಅಟ್ಟದ ಮೇಲಿರತಕ್ಕ ವಸ್ತು. ನೆಂಟರು ಹೆಚ್ಚಾಗಿ ಬಂದ ರಾತ್ರಿ ಕೆಳಗಿಳಿಯುತ್ತದೆ. ಬೆಳಗಾದರೆ ಮತ್ತೆ ಮೇಲೇರುತ್ತದೆ. ಆದರೆ ಇರುವುದರಲ್ಲಿ ಕೆಲವನ್ನು ಆಯ್ದು, ಬೇಡವಾದದ್ದನ್ನು ಬಿಟ್ಟು, ಉಳಿದದ್ದನ್ನು ಒಂದು ಕ್ರಮದಲ್ಲಿ ಕೂಡಿಸುವ ಕೆಲಸವನ್ನು ನಾವು ಬೇರೆಡೆಯಲ್ಲಿ ರಚನೆ ಎಂದು ಕರೆಯುತ್ತೇವೆ. ಆ ಹೆಸರು ಕೌದಿಗೂ ಸಲ್ಲುವುದಾದರೆ, ವಿಮರ್ಶೆಯೂ ಅದಕ್ಕೆ ಸಲ್ಲಬೇಕು. ಬರಿಯ ಹೊಗಳಿಕೆ ಸಾಲದು, ತೂಗಿ ನೋಡಬೇಕು.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸೀಮೆಯಲ್ಲಿ ನಾನು ಕಂಡ ಕೌದಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತು ಬರೆಯುತ್ತಿದ್ದೇನೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಮೊದಲೆರಡು ಊರು ಅದಕ್ಕೆ ಸೇರಿದವು, ಕೊನೆಯೆರಡು ಬಳ್ಳಾರಿಯಲ್ಲೇ ಉಳಿದವು. ಕೌದಿಗೆ ಈ ಗಡಿಯ ತಿಳಿವಳಿಕೆಯಿಲ್ಲ. ನಾಲ್ಕೂ ಕಡೆ ಹೊಲಿಯುವ ಕ್ರಮ ಹೆಚ್ಚುಕಡಿಮೆ ಒಂದೇ. ತಳಕ್ಕೆ ಹಳೆಯ ಸೀರೆ ಅಥವಾ ಧೋತರ. ನಡುವೆ ಹರಿದವು, ಬಣ್ಣಗೆಟ್ಟವು, ಬೇರೆ ಉಪಯೋಗಕ್ಕೆ ಬಾರದವು. ಮೇಲೆ ಕಣ್ಣಿಗೆ ಒಪ್ಪುವ ತುಂಡುಗಳು: ಇಳಕಲ್ ಸೀರೆಯ ಅಂಚು, ಗುಳೇದಗುಡ್ಡದ ಖಣ, ಮಕ್ಕಳ ಅಂಗಿಯ ಬೆನ್ನು. ಸೂಜಿ ಅಂಚಿನಲ್ಲಿ ಹೊರಟು ಸಾಲುಸಾಲಾಗಿ ಒಳಕ್ಕೆ ಸಾಗುತ್ತದೆ. ಸುಗ್ಗಿ ಮುಗಿದ ಬೇಸಗೆಯ ಮಧ್ಯಾಹ್ನಗಳು ಇದರ ಕಾಲ. ಮನೆಯಲ್ಲಿ ಕೈ ಸಾಲದಿದ್ದರೆ ಊರೂರು ತಿರುಗುವ ಅಲೆಮಾರಿ ಹೆಂಗಸರು ಬಂದು ಕೂಲಿಗೆ ಹೊಲಿದುಕೊಡುವುದೂ ಉಂಟು.

ಇದರಲ್ಲಿ ಏನೂ ಕ್ರಮವಿಲ್ಲ, ಸಿಕ್ಕಿದ್ದನ್ನು ಸಿಕ್ಕಲ್ಲಿ ಹೊಲಿದಿದ್ದಾರೆ ಎನ್ನುವವರು ಉತ್ತರ ಕನ್ನಡದ ಸಿದ್ದಿ ಹೆಂಗಸರ ಕವಂದಿಯನ್ನು ನೋಡಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಅವರು ಹೊಲಿಯುವ ಈ ಹೊದಿಕೆಯ ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಮಡಿಸಿ ಮಾಡಿದ ಹೂವು ಬೇಕೇ ಬೇಕು. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಹೀಗೆ ‘ಇದು ಮುಗಿದಿದೆ, ಇದು ಮುಗಿದಿಲ್ಲ’ ಎಂಬ ವಿವೇಚನೆ ಹೊಲಿಯುವವರಲ್ಲೇ ಇದೆ. ಎಂದಮೇಲೆ ವಿಮರ್ಶೆಯನ್ನು ನಾವು ಹೊರಗಿನಿಂದ ತರುತ್ತಿಲ್ಲ. ಅವರಲ್ಲಿ ಇರುವುದನ್ನು ಇಲ್ಲಿ ಬರೆಯುತ್ತಿದ್ದೇವೆ, ಅಷ್ಟೆ.

ಒಂದು ಕೌದಿಯನ್ನು ಹತ್ತಿರದಿಂದ ನೋಡೋಣ. ಹೊಸಪೇಟೆಯ ನಮ್ಮ ಮನೆಯಲ್ಲಿ ಉಳಿದುಕೊಂಡಿರುವ ಈ ಕೌದಿ ನನ್ನ ಸೋದರತ್ತೆ ಹೊಲಿದದ್ದು. ಬಣ್ಣಗಳ ಹೊಂದಿಕೆಯ ದೃಷ್ಟಿಯಿಂದ ಇದನ್ನು ಉತ್ತಮ ಕೃತಿ ಎನ್ನಲಾರೆ. ಕಾಲಿನ ಕಡೆಗೆ ಅಜ್ಜನ ಖಾಕಿ ಅಂಗಿಯ ತುಂಡುಗಳು ಒಂದೇ ಕಡೆ ಗುಂಪುಗೂಡಿ ಆ ಭಾಗ ಭಾರವಾಗಿದೆ. ತಲೆಯ ಕಡೆಗೆ ಹಸಿರು ಇಳಕಲ್ಲಿನ ಅಂಚು ಸೊಗಸಾಗಿ ಹರಿದುಬಂದು, ನಡುವೆ ಥಟ್ಟನೆ ನಿಂತುಹೋಗುತ್ತದೆ; ಬಟ್ಟೆ ಮುಗಿದಿರಬೇಕು. ಮಧ್ಯದ ಸಾಲುಗಳು ಸೊಟ್ಟ. ಅಲ್ಲಿ ಬೇರೊಬ್ಬರ ಕೈ ಬಿದ್ದಿದೆ ಎಂದು ಸೂಜಿ ಹಿಡಿಯದ ನನಗೂ ತಿಳಿಯುತ್ತದೆ. ಆದರೆ ಒಂದು ಮೂಲೆಯಲ್ಲಿ ಮೇಲಿನ ಪದರು ಸವೆದು ಒಳಗಿನಿಂದ ಹಳದಿ ಬಟ್ಟೆಯೊಂದು ಇಣುಕುತ್ತದೆ. ಸವೆಯದ, ಬಣ್ಣ ಮಾಸದ, ಹೊಸದೆನ್ನಬಹುದಾದ ಬಟ್ಟೆ. ಇಷ್ಟು ಒಳ್ಳೆಯ ತುಂಡನ್ನು ಯಾರಾದರೂ ಒಳಗೆ ಹಾಕುತ್ತಾರೆಯೆ?

ಹೊಲಿಯುವಾಗ ಪಕ್ಕದಲ್ಲಿ ಕುಳಿತಿದ್ದ ನನ್ನ ತಾಯಿ ಈ ಪ್ರಶ್ನೆಯನ್ನು ಆಗಲೇ ಕೇಳಿದ್ದಳಂತೆ. “ಅಕ್ಕಾ, ಈ ಹಳದಿ ಭಾಳ ಚಂದ ಐತಲ್ಲ, ಮ್ಯಾಲೆ ಹಾಕಬಾರದೇನು?” ಅತ್ತೆ ತಲೆಯೆತ್ತದೆ ಹೇಳಿದಳಂತೆ: “ಬ್ಯಾಡ ತಂಗಿ. ಮ್ಯಾಲಿದ್ರೆ ದಿನಾ ಕಣ್ಣಿಗೆ ಬೀಳ್ತೈತಿ. ಒಳಗ ಇರ್ಲಿ.” ಅದು ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡ ಅವಳ ಮಗಳ ಲಂಗ. ಬಿಸಾಡಲು ಮನಸ್ಸು ಬಾರದು, ನೋಡುತ್ತಿರಲೂ ಆಗದು. ಇವೆರಡರ ನಡುವೆ ಅವಳು ಕಂಡುಕೊಂಡ ಸ್ಥಳ ಕೌದಿಯ ಒಳಪದರು. ಬಣ್ಣದ ಹೊಂದಿಕೆಯಲ್ಲಿ ಸೋತ ಈ ಕೌದಿ ಇಲ್ಲಿ ಗೆಲ್ಲುತ್ತದೆ. ಹೇಳಬೇಕಾದದ್ದನ್ನು ಎಲ್ಲಿ ಇಟ್ಟರೆ ಸರಿ ಎಂಬ ತಿಳಿವು ದೊಡ್ಡ ಕವಿಗಳಲ್ಲಿ ಕಂಡಾಗ ನಾವು ಅದನ್ನು ಔಚಿತ್ಯ ಎನ್ನುತ್ತೇವೆ. ನನ್ನ ಅತ್ತೆಗೆ ಆ ಪದ ತಿಳಿದಿರಲಿಲ್ಲ.

ಆದರೆ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ತಾಯಿ ಅಂದು ಕೇಳದಿದ್ದರೆ, ಕೇಳಿದ್ದನ್ನು ನನಗೆ ಹೇಳದಿದ್ದರೆ, ಆ ಹಳದಿ ಬಟ್ಟೆ ಇಂದು ಏನಾಗಿರುತ್ತಿತ್ತು? ಒಂದು ಚಿಂದಿ. ಬಟ್ಟೆ ನೆನಪನ್ನು ಹಿಡಿದಿಡುತ್ತದೆ ಎಂಬ ಮಾತನ್ನು ನಾವು ಸುಲಭವಾಗಿ ಆಡುತ್ತೇವೆ. ಬಟ್ಟೆ ಹಿಡಿದಿಡುವುದು ಶಾಖವನ್ನು. ನೆನಪನ್ನು ಹಿಡಿದಿಡುವುದು ಹೇಳುವ ಬಾಯಿ, ಕೇಳುವ ಕಿವಿ. ಬಂಗಾಳದ ಕಂಥಾದಲ್ಲಿ ಕಮಲ, ಆನೆ, ರಥಗಳ ಚಿತ್ರವಿರುತ್ತದೆ. ಕೆಲವುಗಳಲ್ಲಿ ಹೊಲಿದವಳ ಹೆಸರೂ ಇರುತ್ತದೆ. 1939ರಲ್ಲಿ ಸ್ಟೆಲ್ಲಾ ಕ್ರಾಮ್ರಿಶ್ ಅದನ್ನು ಕುರಿತು ಪ್ರಬಂಧ ಬರೆದಾಗ ಓದಲು ಅಲ್ಲಿ ಚಿತ್ರಗಳಿದ್ದವು. ನಮ್ಮ ಕೌದಿಯಲ್ಲಿ ಚಿತ್ರವೂ ಇಲ್ಲ, ಅಕ್ಷರವೂ ಇಲ್ಲ. ಅದರ ಅರ್ಧ ಪಠ್ಯ ಬಟ್ಟೆಯಲ್ಲಿದೆ, ಉಳಿದರ್ಧ ಮನೆಯವರ ಮಾತಿನಲ್ಲಿದೆ.

ಇದು ನಮ್ಮ ಸೀಮೆಯೊಂದರ ಮಾತಲ್ಲ. ಅಮೆರಿಕದ ಅಲಬಾಮಾ ಸಂಸ್ಥಾನದಲ್ಲಿ ಗೀಸ್ ಬೆಂಡ್ ಎಂಬ ನೀಗ್ರೋ ಗುಲಾಮರ ವಂಶಸ್ಥರು ನೆಲೆಸಿರುವ ಹಳ್ಳಿಯಿದೆ. ಅಲ್ಲಿಯ ಹೆಂಗಸರು ಹೊಲಿದ ಕೌದಿಗಳನ್ನು 2002ರಲ್ಲಿ ಹ್ಯೂಸ್ಟನ್ನಿನ ಕಲಾ ವಸ್ತುಸಂಗ್ರಹಾಲಯದಲ್ಲಿಯೂ ಅನಂತರ ನ್ಯೂಯಾರ್ಕಿನ ವಿಟ್ನಿಯಲ್ಲಿಯೂ ಗೋಡೆಗೆ ತೂಗುಹಾಕಿದರು. ನೋಡಿದವರು ಆಧುನಿಕ ಚಿತ್ರಕಲೆಗೆ ಸರಿಗಟ್ಟುವ ಕೃತಿಗಳೆಂದು ಬೆರಗಾದರು. ಅವುಗಳಲ್ಲಿ 1942ರಲ್ಲಿ ಮಿಸೌರಿ ಪೆಟ್ವೇ ಎಂಬಾಕೆ ಹೊಲಿದದ್ದು ಒಂದು. ಗಂಡ ತೀರಿಕೊಂಡ ಮೇಲೆ ಅವನ ದುಡಿಮೆಯ ಬಟ್ಟೆಗಳನ್ನೆಲ್ಲ ಕೂಡಿಸಿ, ಅವನ ನೆನಪಿಗಾಗಿ ಹೊದೆಯಲೆಂದು ಆಕೆ ಅದನ್ನು ಮಾಡಿದಳು. ಇದು ನಮಗೆ ಹೇಗೆ ತಿಳಿಯಿತು? ಮಗಳು ಆರ್ಲಾಂಜಿಯಾ ಹೇಳಿದಳು, ಕೇಳಿದವರು ಬರೆದುಕೊಂಡರು. ಗೋಡೆಯ ಮೇಲಿದ್ದದ್ದು ನೀಲಿ, ಬೂದು ಬಣ್ಣದ ಪಟ್ಟಿಗಳು. ಅವನ್ನು ಗಂಡನ ಕೌದಿಯಾಗಿ ಮಾಡಿದ್ದು ಮಗಳ ಮಾತು.

ನಮ್ಮ ಸೀಮೆಗೆ ಮರಳೋಣ. ನೆನಪು ಎಂದೊಡನೆ ನಾವು ಹಂಪಿಯ ಕಡೆ ಕೈ ತೋರಿಸುವ ಜನ. ಪೋರ್ತುಗೀಜ್ ಪ್ರವಾಸಿ ಪೇಸ್ 1520ರ ಸುಮಾರಿಗೆ ಕಂಡ ಮಹಾನವಮಿಯ ವೈಭವದಲ್ಲಿ ಕಟ್ಟಡಗಳಿಗೆ ಹೊದಿಸಿದ್ದ ಬೆಲೆಬಾಳುವ ಬಟ್ಟೆಗಳ ವರ್ಣನೆಯಿದೆ. ಮಹಾನವಮಿ ದಿಬ್ಬ ಇಂದಿಗೂ ನಿಂತಿದೆ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಆ ಬಟ್ಟೆಗಳಲ್ಲಿ ಉಳಿದದ್ದು ಪೇಸ್ ಬರೆದ ನಾಲ್ಕು ಮಾತು. ಅರಸರ ಮಕಮಲ್ಲಿಗೇ ಈ ಗತಿಯಾದರೆ ಕಂಪ್ಲಿಯ ಒಕ್ಕಲಗಿತ್ತಿಯ ಧೋತರದ ತುಂಡಿಗೆ ಏನು ಭರವಸೆ?

ಈ ಸೀಮೆಯ ಜನಕ್ಕೆ ನೀರಿನ ಭಯವೂ ಇದೆ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು. 1953ರ ಹೊತ್ತಿಗೆ ನೀರು ನಿಂತಿತು. ಹತ್ತಾರು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆ ಮುಳುಗಿ, ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಹಾಗೆ ಏಳುವ ಸಂಸಾರ ಗೋಡೆಯನ್ನು ಹೊರಲಾರದು, ಬಾವಿಯನ್ನು ಹೊರಲಾರದು. ಹಾಸಿಗೆಯ ಸುರುಳಿಯನ್ನು ಹೊರುತ್ತದೆ. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿದಾಗಲೂ ತಗ್ಗಿನ ಮನೆಗಳವರಿಗೆ ಇದೇ ಕಷ್ಟ. ನೀರು ಕುಡಿದ ಕೌದಿಯನ್ನು ಎತ್ತಲು ಇಬ್ಬರು ಬೇಕು. ಅದು ಪೂರ್ತಿ ಆರಬೇಕಾದರೆ ಒಂದು ದಿನದ ಬಿಸಿಲು ಸಾಲದು.

ಈಗ ಸಂಡೂರಿನ ಮಾತು. ಇಲ್ಲಿ ವಿಷಯ ಸ್ವಲ್ಪ ತೊಡಕಿನದು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಅದರ ಹದಿನಾಲ್ಕು ಬಗೆಯ ಹೊಲಿಗೆಗಳ ಹೆಸರಿನಲ್ಲಿ ‘ಕೌದಿ’ ಎಂಬುದೂ ಒಂದು. 2023ರ ಜುಲೈಯಲ್ಲಿ ಜಿ–20 ರಾಷ್ಟ್ರಗಳ ಸಂಸ್ಕೃತಿ ಕಾರ್ಯತಂಡ ಹಂಪಿಯಲ್ಲಿ ಸೇರಿದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಇದನ್ನು ಕಂಡು ಮೂಗು ಮುರಿಯುವ ರಸಿಕರಿದ್ದಾರೆ. ಹೊಸ ಬಟ್ಟೆ, ಅಳತೆಗೆ ತಕ್ಕ ವಿನ್ಯಾಸ, ಪೇಟೆಯ ಬೇಡಿಕೆ. ಇದರಲ್ಲಿ ಮನೆಯೆಲ್ಲಿ, ನೆನಪೆಲ್ಲಿ ಎಂಬುದು ಅವರ ಆಕ್ಷೇಪ.

ಈ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ನೆನಪಿನ ಹೆಸರಿನಲ್ಲಿ ನಾವು ಬಹಳ ಕಾಲ ಹೆಂಗಸರ ದುಡಿಮೆಯನ್ನು ಬಿಟ್ಟಿಯಾಗಿ ಹೊದ್ದುಕೊಂಡಿದ್ದೇವೆ. ಸಂಡೂರಿನ ಹೆಂಗಸು ಸೂಜಿ ಹಿಡಿದು ಕೂಲಿ ಎಣಿಸಿಕೊಂಡರೆ ಅವಳ ಕಲೆಗೆ ಕುಂದು ಬಾರದು. ಅವಳ ಕೃತಿಯನ್ನು ಬಣ್ಣ, ಹೊಲಿಗೆ, ವಿನ್ಯಾಸಗಳಿಂದ ಅಳೆಯಬೇಕು. ಹಾಗೆ ಅಳೆದರೆ ಅದು ಬಹಳ ಸಲ ನಮ್ಮ ಮನೆಯ ಕೌದಿಗಿಂತ ಮೇಲು. ಮನೆಯ ಕೌದಿ ಬೇರೊಂದು ಪ್ರಕಾರ. ಭಾವಗೀತೆಯ ಅಳತೆಗೋಲಿನಿಂದ ನಾಟಕವನ್ನು ಅಳೆಯಬಾರದೆಂಬ ವಿವೇಕ ಇಲ್ಲಿಯೂ ಬೇಕು. ಒಂದು ಕೊಳ್ಳುವವನಿಗಾಗಿ ಹೊಲಿದದ್ದು, ಮತ್ತೊಂದು ಹೊದೆಯುವವರನ್ನು ಬಲ್ಲವಳು ಹೊಲಿದದ್ದು. ಎರಡೂ ಇರಲಿ, ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರದಿದ್ದರೆ ಸಾಕು.

ನನ್ನ ಆಕ್ಷೇಪವಿರುವುದು ನಮ್ಮ ಬರಹಗಾರರ ಮೇಲೆ. ಕೌದಿಯೆಂದರೆ ಅಜ್ಜಿ, ಅಜ್ಜಿಯೆಂದರೆ ಮಮತೆ ಎಂಬ ಸಿದ್ಧ ಸಮೀಕರಣದಲ್ಲಿ ಎಷ್ಟು ಕವಿತೆ, ಎಷ್ಟು ಹರಟೆ! ಎಲ್ಲದರಲ್ಲಿಯೂ ಒಂದೇ ಬೆಚ್ಚನೆ. ನಿಜವಾದ ಕೌದಿಯಲ್ಲಿ ಮಮತೆಯ ಜತೆಗೆ ಹೊದಿಕೆ ಕೊಳ್ಳಲಾಗದ ಬಡತನವಿದೆ. ಯಾರ ಸೀರೆ ಮೇಲೆ ಬರಬೇಕೆಂಬ ಅತ್ತೆ ಸೊಸೆಯರ ಮುಸುಕಿನ ಗುದ್ದಾಟವಿದೆ. ತವರಿನ ಸೀರೆಯನ್ನು ಕತ್ತರಿಸಲು ಕೊಡದೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟವಳ ಹಟವಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಎಲ್ಲರೂ ಹೇಳುತ್ತಾರೆ. ಕಾಲು ಬೆಳೆದಂತೆ ಹಾಸಿಗೆಗೆ ತುಂಡು ಸೇರಿಸಿದವಳ ಮಾತನ್ನು ಯಾರೂ ಬರೆದಿಲ್ಲ. ಇದನ್ನೆಲ್ಲ ಬಿಟ್ಟು ಬರಿಯ ಬೆಚ್ಚನೆಯನ್ನು ಬಣ್ಣಿಸುವುದು ಕೌದಿಯ ಮೇಲ್ಪದರನ್ನಷ್ಟೇ ನೋಡಿದಂತೆ.

ಕಾಲವೂ ಹೆಚ್ಚಿಲ್ಲ. ನೂಲಿನ ಸೀರೆಯ ಜಾಗಕ್ಕೆ ಪಾಲಿಯೆಸ್ಟರು ಬಂದಿದೆ. ಅದು ಬೆವರು ಹೀರುವುದಿಲ್ಲ, ಸವೆದು ಮೃದುವಾಗುವುದೂ ಇಲ್ಲ. ಸೋಲಾಪುರದ ಚಾದರ, ಗಿರಣಿಯ ರಗ್ಗು ಅಗ್ಗವಾಗಿ ಸಿಗುತ್ತವೆ. ಪಟ್ಟಣದಲ್ಲಿ ಮನೆ ಬದಲಿಸುವಾಗ ಮೊದಲು ಹೊರಬೀಳುವುದು ಹಳೆಯ ಕೌದಿ. ಅದನ್ನು ಉಳಿಸಿ ಎಂದು ನಾನು ಉಪದೇಶಿಸಲಾರೆ; ದೂಳು, ಜಾಗದ ಅಭಾವ, ಇವೆಲ್ಲ ನಿಜವಾದ ಕಷ್ಟಗಳು. ಆದರೆ ಹೊರಹಾಕುವ ಮುನ್ನ ಮನೆಯ ಹಿರಿಯಳೊಬ್ಬಳ ಮುಂದೆ ಅದನ್ನು ಹಾಸಿ, ಇದು ಯಾರದು, ಇದು ಯಾವಾಗಿನದು, ಇದನ್ನೇಕೆ ಇಲ್ಲಿಟ್ಟೆ ಎಂದು ಕೇಳಿ, ಅವಳು ಹೇಳಿದ್ದನ್ನು ಅವಳದೇ ಮಾತಿನಲ್ಲಿ ಒಂದು ನೋಟುಬುಕ್ಕಿನಲ್ಲಿ ಬರೆದಿಡಲು ಒಂದು ಮಧ್ಯಾಹ್ನ ಸಾಕು. ಕೌದಿಯನ್ನು ಇಲಿ ತಿಂದೀತು, ಹೊಳೆ ಒಯ್ದೀತು. ಬಟ್ಟೆ ಹೋದದ್ದು ದೊಡ್ಡ ನಷ್ಟವಲ್ಲ. ಅದು ಹೋಗಲಿಕ್ಕೇ ಇದ್ದದ್ದು. ಹೇಳಬಲ್ಲವಳು ಇನ್ನೂ ಮನೆಯಲ್ಲಿರುವಾಗ ನಾವು ಕೇಳದೆ ಉಳಿದರೆ, ಆ ನಷ್ಟವನ್ನು ಯಾವ ವಸ್ತುಸಂಗ್ರಹಾಲಯವೂ ತುಂಬಿಕೊಡಲಾರದು.