ಚೌಕಾಸಿಯಿಲ್ಲದ ಬಾಝಾರು

2018ರ ಡಿಸೆಂಬರಿನಲ್ಲಿ ಫ್ಲಾರಿಡಾದಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ಅವಳ ಎಂಟು ವರ್ಷದ ಮಗಳು ನನ್ನನ್ನು ಒರ್ಲಾಂಡೊ ಬಳಿಯ ಡಿಸ್ನಿ ವರ್ಲ್ಡ್‌ಗೆ ಎಳೆದುಕೊಂಡು ಹೋದಳು. ರೈಲು, ದೋಣಿ, ಹಾರುವ ಆನೆ ಎಲ್ಲವೂ ಅವಳಿಗೆ ನೆಪ ಮಾತ್ರ. ಅವಳ ಕಣ್ಣಿದ್ದದ್ದು ಅಂಗಡಿಗಳ ಮೇಲೆ. ‘ಮಾಮೂ, ಜಾಸ್ಮಿನ್ ಬೊಂಬೆ ಕೊಡಿಸ್ತೀನಿ ಅಂತ ವಾದಾ ಮಾಡಿದ್ದೀರಿ’ ಎಂದು ದಾರಿಯುದ್ದಕ್ಕೂ ನೆನಪಿಸುತ್ತಲೇ ಇದ್ದಳು. ಹೀಗಾಗಿ ಆ ಎರಡು ದಿನಗಳಲ್ಲಿ ನಾನು ಆಟಗಳಿಗಿಂತ ಹೆಚ್ಚು ಹೊತ್ತು ಅಂಗಡಿಗಳಲ್ಲೇ ಇದ್ದೆ. ಅಲ್ಲಿ ಒಂದು ಮಾತು ಹೊಳೆಯಿತು. ನಾವು ಸಿನಿಮಾಕ್ಕೆ ವಿಮರ್ಶೆ ಬರೆಯುತ್ತೇವೆ, ನಾಟಕಕ್ಕೆ ಬರೆಯುತ್ತೇವೆ, ಐನೂರು ಪ್ರತಿ ಅಚ್ಚಾಗಿ ನೂರು ಖರ್ಚಾಗುವ ಕಥಾಸಂಕಲನಕ್ಕೂ ಬರೆಯುತ್ತೇವೆ (ನನ್ನವೂ ಅದರಲ್ಲಿ ಸೇರಿವೆ). ಅವೆಲ್ಲಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜನ ಹೊಕ್ಕು, ನೋಡಿ, ಮುಟ್ಟಿ, ಮನೆಗೂ ಕೊಂಡೊಯ್ಯುವ ಈ ಅಂಗಡಿಗಳು ಹೇಳುತ್ತಿರುವುದೂ ಒಂದು ಕಥೆಯನ್ನೇ ಅಲ್ಲವೆ? ಅದನ್ನೇಕೆ ಯಾರೂ ವಿಮರ್ಶಕನ ಕಣ್ಣಿನಿಂದ ಓದುವುದಿಲ್ಲ?

ಈ ಕಥೆಗೆ ಅಡಿಪಾಯ ಬಿದ್ದದ್ದು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ, 1955ರ ಜುಲೈ 17ರಂದು ಮೊದಲ ಡಿಸ್ನಿಲ್ಯಾಂಡ್ ತೆರೆದಾಗ. ವಾಲ್ಟ್ ಡಿಸ್ನಿ ತಾನು ಬಾಲ್ಯ ಕಳೆದ ಮಿಸೌರಿ ರಾಜ್ಯದ ಮಾರ್ಸಿಲೀನ್ ಎಂಬ ಸಣ್ಣ ಊರಿನ ನೆನಪಿನಲ್ಲಿ ಅಲ್ಲೊಂದು ಬೀದಿ ಕಟ್ಟಿಸಿದರು. ಅಲ್ಲಿನ ಕಟ್ಟಡಗಳ ಮೇಲಂತಸ್ತಿನ ಅಳತೆ ಕೆಳಗಿನದಕ್ಕಿಂತ ಚಿಕ್ಕದು. ಹಾಗಾಗಿ ಅವು ಇರುವುದಕ್ಕಿಂತ ಎತ್ತರವಾಗಿ ಕಾಣುತ್ತವೆ, ಆದರೂ ಮಗುವನ್ನು ಹೆದರಿಸುವುದಿಲ್ಲ. ಬರುವವರೂ ಹೋಗುವವರೂ ಆ ಬೀದಿಯನ್ನು ದಾಟಲೇಬೇಕು. ಬೆಳಿಗ್ಗೆ ಬರುವಾಗ ಅದೊಂದು ಊರು. ರಾತ್ರಿ ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಹಿಂತಿರುಗುವಾಗ ಅದೊಂದು ಅಂಗಡಿ ಸಾಲು. ಆಮೇಲಾಮೇಲೆ ಒಂದೊಂದು ಆಟದ ಬಾಗಿಲೂ ಅಂಗಡಿಯೊಳಗೇ ತೆರೆದುಕೊಂಡಿತು. ಫ್ಲಾರಿಡಾದಲ್ಲಿ ಕಡಲ್ಗಳ್ಳರ ದೋಣಿಯಿಂದ ಇಳಿದವರು ಕಡಲ್ಗಳ್ಳರ ಟೋಪಿ, ಕತ್ತಿ ಮಾರುವ ಅಂಗಡಿಗೇ ಬಂದು ಮುಟ್ಟುತ್ತಾರೆ. ಗೋಡೆಗಳ ಮೇಲೆ ಚಿತ್ರ ಬರೆಯುವ ಬ್ರಿಟನ್ನಿನ ಕಲಾವಿದ ಬ್ಯಾಂಕ್ಸಿ 2010ರಲ್ಲಿ ತೆಗೆದ ಸಾಕ್ಷ್ಯಚಿತ್ರಕ್ಕೆ ‘ಎಕ್ಸಿಟ್ ಥ್ರೂ ದಿ ಗಿಫ್ಟ್ ಶಾಪ್’ ಎಂದು ಹೆಸರಿಟ್ಟದ್ದು ಈ ದಾರಿಯನ್ನು ಹಂಗಿಸುವುದಕ್ಕೇ.

ಇಂಥ ಅಂಗಡಿಯಲ್ಲಿ ಅಲಂಕಾರಕ್ಕೊಂದು ಕೆಲಸ, ಸಂಗೀತಕ್ಕೊಂದು ಕೆಲಸ. ‘ನೀನು ಬೇರೊಂದು ಊರಿನಲ್ಲಿದ್ದೀಯ’ ಎಂದು ಅಲಂಕಾರ ಹೇಳುತ್ತದೆ. ‘ಅವಸರವೇನು, ಇನ್ನೊಂದು ಗಳಿಗೆ ಇರು’ ಎನ್ನುತ್ತದೆ ಸಂಗೀತ. ಇದು ನನ್ನ ಕಲ್ಪನೆಯಲ್ಲ. ರೊನಾಲ್ಡ್ ಮಿಲಿಮನ್ ಎಂಬ ಅಮೆರಿಕದ ಸಂಶೋಧಕರು 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೂಪರ್‌ಮಾರ್ಕೆಟ್ಟಿನಲ್ಲಿ ವೇಗದ ಸಂಗೀತ ಹಾಕಿದ ದಿನಗಳಿಗಿಂತ ನಿಧಾನದ ಸಂಗೀತ ಹಾಕಿದ ದಿನಗಳಲ್ಲಿ ವ್ಯಾಪಾರ ಶೇ. 38ರಷ್ಟು ಹೆಚ್ಚಿತ್ತು. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದವರು 1997ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ಇದಕ್ಕಿಂತ ಸ್ವಾರಸ್ಯಕರವಾದದ್ದು. ವೈನ್ ಇಟ್ಟ ಕಪಾಟಿನ ಬಳಿ ಫ್ರೆಂಚ್ ಸಂಗೀತ ನುಡಿಸಿದ ದಿನ ಜರ್ಮನಿಯ ಒಂದು ಬಾಟಲಿಗೆ ಫ್ರಾನ್ಸಿನವು ಐದು ಖರ್ಚಾದವು. ಜರ್ಮನ್ ಸಂಗೀತದ ದಿನ ಫ್ರಾನ್ಸಿನ ಒಂದಕ್ಕೆ ಜರ್ಮನಿಯವು ಎರಡು. ಕೊಂಡವರನ್ನು ಕೇಳಿದರೆ, ಸಂಗೀತಕ್ಕೂ ತಮ್ಮ ಆಯ್ಕೆಗೂ ಸಂಬಂಧವಿದೆ ಎಂದು ಹೆಚ್ಚಿನವರು ಒಪ್ಪಲೇ ಇಲ್ಲ. ಅಂದರೆ ದೇಶವೊಂದನ್ನು ಕಿವಿಯ ಮೂಲಕವೂ ಮಾರಬಹುದು, ಕೊಂಡವನಿಗೆ ಗೊತ್ತಾಗದ ಹಾಗೆ. ಇನ್ನೊಂದು ಸಂಗತಿ ನನ್ನನ್ನು ಕಾಡಿತು. ಆ ಸಂಗೀತವನ್ನು ಜೋಡಿಸಿರುವುದು ಹತ್ತು ನಿಮಿಷ ಇದ್ದು ಹೋಗುವವರಿಗಾಗಿ. ಗಲ್ಲಾದ ಹಿಂದೆ ದಿನವಿಡೀ ನಿಂತಿರುವವರಿಗೆ ಅದೇ ರಾಗ ಸುತ್ತಿ ಸುತ್ತಿ ಬಂದು ಬಡಿಯುತ್ತಿರುತ್ತದೆ.

ಮೊದಲ ದಿನ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಸೊಸೆ ನನ್ನನ್ನು ನಿಲ್ಲಿಸಿದ್ದು ‘ಅಗ್ರಬಾ ಬಾಝಾರ್’ ಎಂಬ ಅಂಗಡಿಯ ಮುಂದೆ. ಎದುರಿಗೇ 2001ರಲ್ಲಿ ಆರಂಭವಾದ ಅಲ್ಲಾವುದ್ದೀನನ ಹಾರುವ ಚಾಪೆಗಳು. ಅಂಗಡಿಗೆ ಬಟ್ಟೆಯ ಚಪ್ಪರ, ತೂಗುದೀಪ, ಮಣ್ಣಿನ ಬಣ್ಣದ ಗೋಡೆ, ಎಲ್ಲಿಂದಲೋ ತೇಲಿ ಬರುವ ತಂತಿವಾದ್ಯ. ಮಾರುವುದು ಬೊಂಬೆ, ಟೀ ಶರ್ಟು, ಪ್ಲಾಸ್ಟಿಕ್ ಖಡ್ಗ. ಅಗ್ರಬಾ ಎಂಬ ಊರು ಭೂಪಟದಲ್ಲಿಲ್ಲ. 1992ರ ‘ಅಲ್ಲಾದಿನ್’ ಚಿತ್ರದ ಕಥೆ ಮೊದಲು ನಡೆಯಬೇಕಾಗಿದ್ದದ್ದು ಬಾಗ್ದಾದಿನಲ್ಲಿ. ಅಷ್ಟರಲ್ಲಿ ಕೊಲ್ಲಿ ಯುದ್ಧ ಬಂತು. ನಿಜವಾದ ಬಾಗ್ದಾದಿನ ಮೇಲೆ ಬಾಂಬು ಬೀಳುತ್ತಿದ್ದ ಕಾಲದಲ್ಲಿ ಸಿನಿಮಾದ ಬಾಗ್ದಾದಿಗೆ ಬೇರೆ ಹೆಸರು ಬೇಕಾಯಿತು. ಸುಲ್ತಾನನ ಅರಮನೆಗೆ ತಾಜ್‌ಮಹಲಿನ ಗುಮ್ಮಟಗಳನ್ನು ತಂದರು. ಅರಬರ ಬಗ್ಗೆ ಕ್ರೂರವಾಗಿದ್ದ ಮೊದಲ ಹಾಡಿನ ಎರಡು ಸಾಲುಗಳನ್ನು, ಅಲ್ಲಿನ ಅರಬ್ ಸಂಘಟನೆಯ ಪ್ರತಿಭಟನೆಯ ನಂತರ, 1993ರ ವಿಡಿಯೊದಲ್ಲಿ ಬದಲಿಸಿದರು.

ಉರ್ದು ಶಾಲೆಯಲ್ಲಿ ನಾವು ಕೇಳಿದ ಅಲ್ಲಾವುದ್ದೀನ್ ಚೀನಾದವನು. ದೊಡ್ಡವನಾದ ಮೇಲೆ ತಿಳಿದದ್ದೆಂದರೆ, ಈ ಕಥೆ ಅಲಿಫ್ ಲೈಲಾದ ಹಳೆಯ ಅರಬ್ಬಿ ಹಸ್ತಪ್ರತಿಗಳಲ್ಲಿಯೇ ಇಲ್ಲ. ಅಲೆಪ್ಪೊದ ಹನ್ನಾ ದಿಯಾಬ್ ಎಂಬ ಕ್ರೈಸ್ತ ಯುವಕ 1709ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಫ್ರೆಂಚ್ ಅನುವಾದಕ ಗಾಲಾಂಗೆ ಹೇಳಿದ. ಅಲ್ಲಿ ದುಷ್ಟನಾದ ಮಾಂತ್ರಿಕ ಬರುವುದು ಮಗ್ರಿಬಿನಿಂದ, ಎಂದರೆ ಮೊರಾಕೊದ ದಿಕ್ಕಿನಿಂದ. ಕಥೆಗಳು ಊರೂರು ತಿರುಗಿ ವೇಷ ಬದಲಿಸುವುದು ಹೊಸದಲ್ಲ, ಅದಕ್ಕೆ ನನ್ನ ತಕರಾರೂ ಇಲ್ಲ. ಸೊಸೆಯ ಜಾಸ್ಮಿನ್ ಬೊಂಬೆಯನ್ನು ತಿರುಗಿಸಿ ನೋಡಿದರೆ ಚೀನಾದಲ್ಲಿ ತಯಾರಾದದ್ದು ಎಂದಿತ್ತು. ಕಥೆ ಸುತ್ತಾಡಿ ತನ್ನ ಮನೆಗೇ ಬಂದು ಸೇರಿದೆಯಲ್ಲ ಎಂದು ನಗು ಬಂತು.

ಆದರೆ ಇನ್ನೊಂದು ಸುದ್ದಿಗೆ ನಗು ಬರುವುದಿಲ್ಲ. 2015ರ ಡಿಸೆಂಬರಿನಲ್ಲಿ ಅಮೆರಿಕದ ಸಮೀಕ್ಷಾ ಸಂಸ್ಥೆಯೊಂದು, ಅಗ್ರಬಾದ ಮೇಲೆ ಬಾಂಬು ಹಾಕುವುದನ್ನು ನೀವು ಬೆಂಬಲಿಸುತ್ತೀರಾ ಎಂದು ಬೇಕೆಂದೇ ಕೇಳಿತು. ರಿಪಬ್ಲಿಕನ್ ಮತದಾರರಲ್ಲಿ ಶೇ. 30ರಷ್ಟು ಮಂದಿ ಹೌದು ಎಂದರು. ಡೆಮಾಕ್ರಾಟರಲ್ಲೂ ಶೇ. 19ರಷ್ಟು ಮಂದಿ ಹೌದೆಂದರು. ಅವರ ಪೈಕಿ ಕೆಲವರಾದರೂ ಮಕ್ಕಳ ಕೈಹಿಡಿದು ಈ ಅಂಗಡಿಯಲ್ಲಿ ತೂಗುದೀಪದ ಕೆಳಗೆ ನಿಂತಿರಲಾರರೆ? ಅವರು ಅಗ್ರಬಾವನ್ನು ಕಂಡಿದ್ದಾರೆ, ಅದರ ಸಂಗೀತ ಕೇಳಿದ್ದಾರೆ, ಅದರ ಬೊಂಬೆಯೂ ಮನೆಯಲ್ಲಿದೆ. ಆದರೆ ಅಗ್ರಬಾದ ಒಬ್ಬ ಮನುಷ್ಯನನ್ನೂ ಅವರು ಕಂಡಿಲ್ಲ.

ಎರಡನೆಯ ದಿನ ಎಪ್ಕಾಟ್‌ಗೆ ಹೋದೆವು. ಅಲ್ಲಿ ಕೊಳವೊಂದರ ಸುತ್ತ ಹನ್ನೊಂದು ದೇಶಗಳ ಮಂಟಪಗಳಿವೆ. 1984ರಲ್ಲಿ ಸೇರ್ಪಡೆಯಾದ ಮೊರಾಕೊ ಅವುಗಳಲ್ಲಿ ಏಕೈಕ ಮುಸ್ಲಿಮ್ ದೇಶ. ಆಫ್ರಿಕಾದ ಏಕೈಕ ದೇಶವೂ ಹೌದು. ಉಳಿದ ಆಫ್ರಿಕಾಕ್ಕೂ ಒಂದು ಮಂಟಪ ಕಟ್ಟುವ ಯೋಜನೆಯಿತ್ತು, ಕಟ್ಟಲಿಲ್ಲ. ಅದರ ಬದಲು ಚೀನಾಕ್ಕೂ ಜರ್ಮನಿಗೂ ನಡುವೆ ಒಂದು ತಂಪು ಪಾನೀಯದ ಗೂಡಂಗಡಿ, ಒಂದು ಕರಕುಶಲ ವಸ್ತುಗಳ ಅಂಗಡಿ. ಒಂದು ಖಂಡ ಅಷ್ಟಕ್ಕೇ ಮುಗಿಯಿತು. ಭಾರತಕ್ಕೂ ಇಲ್ಲಿ ಮಂಟಪವಿಲ್ಲ. ಪಕ್ಕದ ಅನಿಮಲ್ ಕಿಂಗ್‌ಡಮ್‌ನಲ್ಲಿ ಆನಂದಪುರ ಎಂಬ ಕಾಲ್ಪನಿಕ ರಾಜ್ಯವೊಂದಿದೆ, ಅದರಲ್ಲಿ ನಾವೂ ನೇಪಾಳವೂ ಇನ್ನೆಷ್ಟೋ ದೇಶಗಳೂ ಕಲಸಿಕೊಂಡಿದ್ದೇವೆ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ನಿಜವಾದ ಆನಂದಪುರವೊಂದಿದೆ ಎಂದು ಸೊಸೆಗೆ ಹೇಳಿದೆ. ಅವಳು ನಂಬಲಿಲ್ಲ.

ಮೊರಾಕೊ ಮಂಟಪ ಮಾತ್ರ ಬೇರೆಯೇ ಜಾತಿಯದು. ದೊರೆ ಎರಡನೆಯ ಹಸನ್ ತನ್ನ ದೇಶದ ಕುಶಲಕರ್ಮಿಗಳನ್ನೇ ಕಳಿಸಿದ್ದ. ಅವರು ಸುತ್ತಿಗೆಯಿಂದ ಹೆಂಚಿನ ಚೂರುಗಳನ್ನು ಕಡಿದು ಕೂರಿಸಿದ ಝೆಲ್ಲೀಜ್ ಗೋಡೆಗಳ ಎದುರು ನಾನು ಅರ್ಧ ಗಂಟೆ ನಿಂತಿದ್ದೆ. ನಕ್ಷತ್ರದೊಳಗೆ ನಕ್ಷತ್ರ, ಅರಬ್ಬಿ ಲಿಪಿ. ಎಲ್ಲೂ ಮನುಷ್ಯನ ಚಿತ್ರವಿಲ್ಲ. ಅಲ್ಲಾಹನೊಬ್ಬನೇ ಪರಿಪೂರ್ಣ ಎಂದು ಆ ಕೆಲಸಗಾರರು ಬೇಕೆಂದೇ ಒಂದೊಂದು ಕಡೆ ತಪ್ಪು ಬಿಟ್ಟಿದ್ದಾರೆ ಎಂಬ ಕಥೆಯೂ ಪ್ರಚಾರದಲ್ಲಿದೆ. ನನಗೇನೋ ಅನುಮಾನ. ಕೈಕೆಲಸ ಮಾಡುವವನು ಬೇಕೆಂದೇ ತಪ್ಪು ಮಾಡಬೇಕಾಗಿಲ್ಲ, ಅದು ತಾನಾಗಿಯೇ ಬರುತ್ತದೆ.

ಮರಾಕೇಶಿನ ಹನ್ನೆರಡನೆಯ ಶತಮಾನದ ಕುತುಬಿಯಾ ಮಸೀದಿಯ ಮಿನಾರದ ಪ್ರತಿಕೃತಿಯೂ ಅಲ್ಲಿದೆ. ಕೊಳದ ಆಚೆ ದಂಡೆಯಿಂದ ನೋಡಿದರೆ ಅದರ ಹಿಂದೆ ಇನ್ನೊಂದು ಗೋಪುರ ಕಾಣುತ್ತದೆ. ಅದು ಮೊರಾಕೊದ್ದಲ್ಲ. ಬೇರೊಂದು ಪಾರ್ಕಿನಲ್ಲಿ 1994ರಲ್ಲಿ ಕಟ್ಟಿದ, 199 ಅಡಿ ಎತ್ತರದ, ಲಿಫ್ಟು ಕುಸಿದು ಬೀಳುವ ಆಟದ ಕಟ್ಟಡ. ಮೊರಾಕೊದ ನೋಟ ಕೆಡದಿರಲೆಂದು ಅದರ ಬಣ್ಣ, ನೆತ್ತಿಯನ್ನೂ ಇದಕ್ಕೆ ಹೊಂದುವಂತೆ ಮಾಡಿದ್ದಾರೆ. ಕಣ್ಣಿಗೆ ಇಷ್ಟೊಂದು ಮರ್ಯಾದೆ! ಆ ಮಿನಾರದಿಂದ ಅಝಾನ್ ಕೇಳಿಸುವುದಿಲ್ಲ ಎಂದು ಜೊತೆಗೆ ಬಂದಿದ್ದ ಭಾವ ಪೇಚಾಡಿದರು. ನನಗೆ ಸಮಾಧಾನವೇ ಆಯಿತು. ಅಝಾನ್ ಕರೆಯೇ ಹೊರತು ಹಿನ್ನೆಲೆ ಸಂಗೀತವಲ್ಲ. ಚಪ್ಪಲಿ ಮಾರುವುದಕ್ಕೆ ಅದು ಬಳಕೆಯಾಗದಿದ್ದರೇ ಒಳ್ಳೆಯದು.

ಇಷ್ಟೆಲ್ಲ ಆದರೂ ಆ ಓಣಿಯನ್ನು ಬಾಝಾರು ಮಾಡಿದ್ದು ಹೆಂಚೂ ಅಲ್ಲ, ಸಂಗೀತವೂ ಅಲ್ಲ. ಹಿತ್ತಾಳೆ ದೀಪಗಳ ನಡುವೆ ಒಬ್ಬ ಹುಡುಗ ನಿಂತಿದ್ದ. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿನ ಕೆಳಗೆ ಫೆಝ್ ಎಂದು ಊರಿನ ಹೆಸರು. ಸಲಾಮ್ ಹೇಳಿದೆ. ಅವನ ಮುಖ ಅರಳಿತು. ಒಂದು ದೀಪದ ದರ ಕೇಳಿ, ನಮ್ಮೂರ ಸಂತೆಯ ಅಭ್ಯಾಸದಂತೆ ಅರ್ಧಕ್ಕೆ ಕೇಳಿದೆ. ಅವನು ನಕ್ಕು ದೀಪದ ತಳದಲ್ಲಿದ್ದ ಬಾರ್‌ಕೋಡಿನ ಪಟ್ಟೆಗಳನ್ನು ತೋರಿಸಿದ. ‘ಇದರ ಜೊತೆ ಚೌಕಾಸಿ ಮಾಡಿ ನೋಡಿ ಚಾಚಾ. ನಮ್ಮೂರಲ್ಲಾಗಿದ್ದರೆ ಮೊದಲು ನಿಮಗೆ ಚಹಾ ಕೊಡುತ್ತಿದ್ದೆ, ದರ ಆಮೇಲೆ ಹೇಳುತ್ತಿದ್ದೆ’ ಎಂದ. ಪಕ್ಕದಲ್ಲಿದ್ದ ಬಿಳಿಯ ಹೆಂಗಸೊಬ್ಬಳು ನಮ್ಮ ಮಾತು ಕೇಳಿ, ನಿಮ್ಮೂರಲ್ಲಿ ನಿಜವಾಗಿಯೂ ಚಹಾ ಕೊಡುತ್ತಾರಾ, ಅದಕ್ಕೆ ದುಡ್ಡು ಕೊಡಬೇಕಾ ಎಂದು ಅವನನ್ನು ವಿಚಾರಿಸತೊಡಗಿದಳು. ಅವನು ಪುದೀನ ಹಾಕುವ ಕ್ರಮ, ಎತ್ತರದಿಂದ ಸುರಿಯುವ ಕ್ರಮ ಎಲ್ಲ ಹೇಳಿದ. ಅವಳು ಮೂರು ಗಾಜಿನ ಲೋಟ ಕೊಂಡಳು.

ಇದನ್ನು ವ್ಯಾಪಾರದ ಜಾಣತನ ಎನ್ನಬಹುದು, ಇರಲಿ. ಆದರೆ 2001ರ ಸೆಪ್ಟೆಂಬರ್ ನಂತರದ ಅಮೆರಿಕದಲ್ಲಿ, ರಜೆಯ ಖುಷಿಯಲ್ಲಿರುವ ಒಂದು ಸಂಸಾರ ಫೆಝ್‌ನಿಂದಲೋ ರಬಾತ್‌ನಿಂದಲೋ ಬಂದ ಮುಸ್ಲಿಮ್ ತರುಣನೊಬ್ಬನ ಜೊತೆ ಐದು ನಿಮಿಷ ಚಹಾದ ಬಗ್ಗೆ ಮಾತಾಡುವ ಜಾಗಗಳು ಎಷ್ಟಿದ್ದವು? ಪಕ್ಕದ ಪಾರ್ಕಿನ ಅಗ್ರಬಾದಲ್ಲಿ ಬಾಝಾರಿನ ಚಿತ್ರವಷ್ಟೇ ಇತ್ತು. ಇಲ್ಲಿ ಚೌಕಾಸಿ ಇರಲಿಲ್ಲವಾದರೂ ಚೌಕಾಸಿ ಬಲ್ಲವನೊಬ್ಬನಿದ್ದ. ನನ್ನ ದೃಷ್ಟಿಯಲ್ಲಿ ಈ ಎರಡು ಅಂಗಡಿಗಳ ನಡುವಿನ ವ್ಯತ್ಯಾಸವೆಲ್ಲ ಅಷ್ಟೇ, ಮತ್ತು ಅದು ಸಣ್ಣದಲ್ಲ. ಅಂದ ಹಾಗೆ, ಈ ಓಣಿಯಲ್ಲೂ ಜಾಸ್ಮಿನ್ ವೇಷದ ಹುಡುಗಿ ಮಕ್ಕಳೊಡನೆ ಫೋಟೊ ತೆಗೆಸಿಕೊಳ್ಳುತ್ತಾಳೆ. ದುಷ್ಟ ಮಾಂತ್ರಿಕನ ಊರಿನಲ್ಲಿ ರಾಜಕುಮಾರಿಯ ದರ್ಬಾರು! ಸೊಸೆ ಅಲ್ಲಿ ಸಾಲು ನಿಂತಿದ್ದಳು. ಶತಮಾನಗಳ ಕಸುಬಿನ ಗೋಡೆ ಆ ಫೋಟೊದ ಹಿನ್ನೆಲೆಯಾಯಿತು.

ಆಮೇಲಿನ ಸುದ್ದಿಗಳು ಒಳ್ಳೆಯವಲ್ಲ. ಮಂಟಪದ ಮುಂದೆ ನಿಂತು ಹಾಡಿ ನುಡಿಸುತ್ತಿದ್ದ ವಾದ್ಯತಂಡವನ್ನು ನಾನು ಹೋಗುವ ಮೊದಲೇ, 2014ರಲ್ಲಿ, ನಿಲ್ಲಿಸಲಾಗಿತ್ತು.  ಕೊರೊನಾದ ವರ್ಷವಾದ 2020ರಲ್ಲಿ, ಅಂಗಡಿ ಹೋಟೆಲುಗಳನ್ನು ಅಲ್ಲಿಯವರೆಗೆ ನಡೆಸುತ್ತಿದ್ದ ಮೊರಾಕೊದವರ ಸಂಸ್ಥೆ ಜಾಗ ಬಿಟ್ಟಿತು, ಡಿಸ್ನಿ ತಾನೇ ವಹಿಸಿಕೊಂಡಿತು. ಗೋಡೆಗಳು ಹಾಗೆಯೇ ಇವೆ. ಗೋಡೆಗಳನ್ನು ಉಳಿಸಿಕೊಳ್ಳುವುದು ಅವರಿಗೆ ಚೆನ್ನಾಗಿ ಗೊತ್ತು. ಆ ಹುಡುಗ ಈಗ ಎಲ್ಲಿದ್ದಾನೋ.

ಆ ದೀಪವನ್ನು ನಾನು ಬಾರ್‌ಕೋಡು ಹೇಳಿದ ದರಕ್ಕೇ ಕೊಂಡು ತಂದೆ. ಈಗ ಅದು ನಮ್ಮ ನಡುಮನೆಯಲ್ಲಿ ತೂಗುತ್ತಿದೆ. ಕಳೆದ ರಮಝಾನಿನಲ್ಲಿ ಇಫ್ತಾರಿಗೆ ಬಂದ ಗೆಳೆಯರೊಬ್ಬರು ಇದೆಲ್ಲಿಯದು ಎಂದು ಕೇಳಿದರು. ಮೊರಾಕೊದ್ದು ಎಂದೆ. ವಿಡಿಯೊ ಕರೆಯಲ್ಲಿದ್ದ ಸೊಸೆ ಅಲ್ಲಿಂದಲೇ ತಿದ್ದಿದಳು: ‘ಅಲ್ಲ ಮಾಮೂ, ಎಪ್ಕಾಟಿಂದು.’