ಟಾಲ್‌ಸ್ಟಾಯನ ಧರ್ಮವಿಮರ್ಶೆ: ‘ದೇವರ ರಾಜ್ಯ ನಿಮ್ಮೊಳಗಿದೆ’

ಸಾಹಿತ್ಯಲೋಕವು ಟಾಲ್‌ಸ್ಟಾಯನನ್ನು ‘ಯುದ್ಧ ಮತ್ತು ಶಾಂತಿ’, ‘ಅನ್ನಾ ಕರೆನಿನ’ಗಳ ಕರ್ತೃವೆಂದು ಕೊಂಡಾಡುತ್ತದೆ. ಆದರೆ ಆ ಮಹಾಕಾದಂಬರಿಕಾರನು ತನ್ನ ಬಾಳಿನ ಕೊನೆಯ ಮೂರು ದಶಕಗಳಲ್ಲಿ ಧರ್ಮಜಿಜ್ಞಾಸೆಯನ್ನೇ ಮುಖ್ಯ ಕಾರ್ಯವನ್ನಾಗಿ ಮಾಡಿಕೊಂಡನು. ಆ ಜಿಜ್ಞಾಸೆಯ ಫಲಗಳಲ್ಲಿ ‘ದೇವರ ರಾಜ್ಯ ನಿಮ್ಮೊಳಗಿದೆ’ ಎಂಬ ಗ್ರಂಥಕ್ಕೆ ಅಗ್ರಸ್ಥಾನ ಸಲ್ಲುತ್ತದೆ. 1893ರಲ್ಲಿ ಪೂರ್ಣಗೊಂಡ ಈ ಗ್ರಂಥವು ಸ್ವದೇಶದಲ್ಲಿ ನಿಷೇಧಕ್ಕೆ ಗುರಿಯಾಗಿ, 1894ರಲ್ಲಿ ಜರ್ಮನಿಯಲ್ಲಿ ಪ್ರಕಟವಾಯಿತು. ಇದನ್ನು ಅನ್ಯಮತದ ದೋಷಗಳ ಪಟ್ಟಿಯೆಂದು ಓದುವುದು ಸುಲಭ. ಆದರೆ ಅದು ಸರಿಯಾದ ಓದಲ್ಲ. ಯಾವುದೇ ಧರ್ಮಸಂಸ್ಥೆಯ ಆಶ್ರಯದಲ್ಲಿ ಬೆಳೆದವನು ಇಲ್ಲಿನ ಪ್ರಶ್ನೆಗಳನ್ನು ತನಗೇ ಕೇಳಿದ ಪ್ರಶ್ನೆಗಳೆಂದು ಭಾವಿಸಬೇಕಾಗುತ್ತದೆ.

ಗ್ರಂಥದ ಮೂಲತತ್ತ್ವ ಸರಳವಾದುದು. ಮತ್ತಾಯನ ಸುವಾರ್ತೆಯಲ್ಲಿ ಬರುವ ಗಿರಿಪ್ರವಚನದಲ್ಲಿ ಯೇಸುವು ಹಿಂಸೆಗೆ ಪ್ರತಿಹಿಂಸೆಯನ್ನು ನಿಷೇಧಿಸುತ್ತಾನೆ, ಆಣೆಯಿಡಬಾರದೆನ್ನುತ್ತಾನೆ, ವೈರಿಯನ್ನೂ ಪ್ರೀತಿಸಬೇಕೆನ್ನುತ್ತಾನೆ. ಪಾದ್ರಿಗಳು ಈ ಮಾತುಗಳನ್ನು ಆದರ್ಶವೆಂದು ಹೊಗಳಿ ಬದಿಗಿರಿಸಿದ್ದರು. ಟಾಲ್‌ಸ್ಟಾಯನಾದರೋ ಇವನ್ನು ನಿತ್ಯಜೀವನದ ವಿಧಿಗಳೆಂದೇ ಗ್ರಹಿಸಿದನು. ಆತನ ಅಪ್ರತೀಕಾರ ತತ್ತ್ವವು ಹೇಡಿತನವಲ್ಲ. ಕೆಡುಕನ್ನು ಕೆಡುಕೆಂದು ಸಾರಿ, ಅದರಲ್ಲಿ ಪಾಲುಗೊಳ್ಳಲು ನಿರಾಕರಿಸಿ, ಅದರ ಫಲವಾಗಿ ಬರುವ ಕಷ್ಟವನ್ನು ತಾನೇ ಉಣ್ಣುವ ನಿಷ್ಠೆ.

ಈ ನಿಷ್ಠೆಗೆ ರಷ್ಯಾದ ವ್ಯವಸ್ಥೆಯು ನೇರ ವಿರೋಧವಾಗಿದ್ದಿತು. ಮಹಾ ಪೀಟರನು 1721ರಲ್ಲಿ ‘ಸಿನಾಡ್’ ಎಂಬ ಧರ್ಮಮಂಡಲಿಯನ್ನು ಸ್ಥಾಪಿಸಿದಂದಿನಿಂದ ಚರ್ಚಿನ ಆಡಳಿತವು ಚಕ್ರವರ್ತಿಯ ಅಧಿಕಾರಿಯೊಬ್ಬನ ಮೇಲ್ವಿಚಾರಣೆಗೆ ಒಳಪಟ್ಟಿತ್ತು. 1874ರಲ್ಲಿ ಸೈನ್ಯಸೇವೆಯ ಹೊಣೆಯನ್ನು ಎಲ್ಲ ವರ್ಗಗಳಿಗೂ ವಿಸ್ತರಿಸಲಾಯಿತು. ಸೇನೆಗೆ ಸೇರಿದ ತರುಣನಿಗೆ ಪಾದ್ರಿಯು ಸುವಾರ್ತೆಯನ್ನು ಮುಟ್ಟಿಸಿ ಪ್ರಮಾಣ ಮಾಡಿಸುತ್ತಿದ್ದನು. ಆಣೆಯನ್ನೂ ವೈರವನ್ನೂ ನಿಷೇಧಿಸಿದ ಗ್ರಂಥದ ಮೇಲೆಯೇ, ಕೊಲ್ಲುವ ಆಜ್ಞೆಗೆ ವಿಧೇಯನಾಗಿರುವೆನೆಂಬ ಆಣೆ! ಈ ವಿಪರ್ಯಾಸವನ್ನು ಟಾಲ್‌ಸ್ಟಾಯನು ಪಟ್ಟುಬಿಡದೆ ಓದುಗನ ಮುಂದಿರಿಸುತ್ತಾನೆ. ಸೆವಾಸ್ಟೊಪೋಲಿನ ಮುತ್ತಿಗೆಯ ಕಾಲದಲ್ಲಿ ತಾನೇ ಸೇನಾಧಿಕಾರಿಯಾಗಿ ಯುದ್ಧವನ್ನು ಕಂಡಿದ್ದವನ ಮಾತಿದು ಎಂಬುದನ್ನು ಮರೆಯಲಾಗದು.

ಗ್ರಂಥದಲ್ಲಿ ಪುನರುಕ್ತಿಗಳಿವೆ, ವಾದವು ಕೆಲವೆಡೆ ಕಕ್ಷಿದಾರನ ಹಟಕ್ಕೆ ಇಳಿಯುತ್ತದೆ. ಆದರೆ ಕೊನೆಯ ಅಧ್ಯಾಯದಲ್ಲಿ ಹಳೆಯ ಕಾದಂಬರಿಕಾರನು ಮತ್ತೆ ಎಚ್ಚರಗೊಳ್ಳುತ್ತಾನೆ. 1892ರ ಸೆಪ್ಟೆಂಬರ್ 9ರಂದು ಕ್ಷಾಮಪೀಡಿತವಾದ ತೂಲಾ, ರ‍್ಯಾಜಾನ್ ಪ್ರಾಂತಗಳಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ ಆತನು ಇನ್ನೊಂದು ಗಾಡಿಯನ್ನು ನೋಡಿದನು. ಅದರಲ್ಲಿ ಬಂದೂಕು, ತೋಟೆ, ಬೆತ್ತಗಳೊಡನೆ ಸೈನಿಕರು ಇದ್ದರು, ಪ್ರಾಂತಾಧಿಪತಿಯೂ ಜೊತೆಗಿದ್ದನು. ಕಾಡಿನ ಬಗೆಗೆ ಜಮೀನುದಾರನೊಡನೆ ವ್ಯಾಜ್ಯಕ್ಕೆ ನಿಂತ ರೈತರನ್ನು ದಂಡಿಸುವುದಕ್ಕಾಗಿ ಆ ದಂಡು ಹೊರಟಿತ್ತು. ಅವರಲ್ಲಿ ಯಾರೂ ರಾಕ್ಷಸರಲ್ಲ. ಸೈನಿಕರು ತಾವೂ ರೈತರ ಮಕ್ಕಳೇ. ಹಾಗಾದರೆ ಇಂಥ ಕ್ರೌರ್ಯವು ಹೇಗೆ ಸಾಧ್ಯವಾಗುತ್ತದೆ? ಟಾಲ್‌ಸ್ಟಾಯನ ಉತ್ತರವೇ ಈ ಗ್ರಂಥದ ಶ್ರೇಷ್ಠ ಭಾಗ. ಪಾಪವು ಅನೇಕರಲ್ಲಿ ಹಂಚಿಹೋಗುತ್ತದೆ. ಆಜ್ಞೆಯಿತ್ತವನು ಹೊಡೆಯುವುದಿಲ್ಲ, ಹೊಡೆಯುವವನು ಆಜ್ಞೆಯನ್ನು ಮುಂದಿಡುತ್ತಾನೆ, ಪಾದ್ರಿಯು ಹರಸುತ್ತಾನಷ್ಟೆ. ಎಲ್ಲರೂ ಪಾಲುಗೊಂಡ ಕೃತ್ಯಕ್ಕೆ ಯಾರೂ ಕರ್ತೃವಲ್ಲ. ಧರ್ಮವು ಈ ಹಂಚಿಕೆಗೆ ಪಾವಿತ್ರ್ಯದ ಮುದ್ರೆಯೊತ್ತಿದಾಗ ಮನುಷ್ಯನ ಅಂತಃಸಾಕ್ಷಿಯು ಸುಖವಾಗಿ ನಿದ್ರಿಸುತ್ತದೆ.

ಇಷ್ಟನ್ನು ಒಪ್ಪಿದ ಮೇಲೆಯೂ ಒಂದು ಆಕ್ಷೇಪವನ್ನು ಎತ್ತಲೇಬೇಕಾಗಿದೆ. ಟಾಲ್‌ಸ್ಟಾಯನು ಅಧಿಕಾರಕ್ಕೆ ಮಾರುಹೋದ ಚರ್ಚನ್ನು ಮಾತ್ರ ಖಂಡಿಸಿ ನಿಲ್ಲುವುದಿಲ್ಲ. ಚರ್ಚುಗಳೆಲ್ಲವೂ ಚರ್ಚುಗಳಾಗಿರುವ ಕಾರಣದಿಂದಲೇ ಯೇಸುವಿನ ಬೋಧೆಗೆ ವಿರೋಧಿಗಳೆಂದು ಸಾರುತ್ತಾನೆ. ಆದರೆ ಗ್ರಂಥದ ಮೊದಲ ಅಧ್ಯಾಯದ ಸಾಕ್ಷ್ಯವೇ ಈ ತೀರ್ಮಾನಕ್ಕೆ ಅಡ್ಡಬರುತ್ತದೆ. ಅಲ್ಲಿ ಆತನು ಆದರದಿಂದ ಸ್ಮರಿಸುವ ಕ್ವೇಕರರು ಒಂದು ಧಾರ್ಮಿಕ ಸಮಾಜವಾಗಿಯೇ ಬಾಳಿದವರು. ಅಮೆರಿಕದ ಅಡಿನ್ ಬಾಲುವು ಹೋಪ್‌ಡೇಲಿನಲ್ಲಿ ಸಹಜೀವನದ ನೆಲೆಯೊಂದನ್ನು ಕಟ್ಟಿದವನು. 15ನೆಯ ಶತಮಾನದ ಬೊಹೀಮಿಯದ ಚೆಲ್ಚಿಟ್ಸ್ಕಿಯ ಬೋಧೆಯಿಂದ ಪ್ರೇರಿತರಾದವರು ಸಹೋದರರ ಸಂಘವಾಗಿ ಒಂದುಗೂಡಿದರು. ಹಿಂಸೆಗೆ ಒಲ್ಲೆನೆಂಬ ಒಂಟಿ ಮನುಷ್ಯನಿಗೆ ಧೈರ್ಯ ತುಂಬಿದುದು ಹಲವೆಡೆ ಇಂಥ ಸಂಗವೇ. ಅಲ್ಲದೆ, ‘ಯುದ್ಧ ಮತ್ತು ಶಾಂತಿ’ಯ ರಾಜಕುಮಾರಿ ಮಾರಿಯಾ ಯಾತ್ರಿಕರನ್ನು ಆದರಿಸುವ ಪರಿಯನ್ನೂ, ಪ್ಲಾಟೋನ್ ಕರತಾಯೇವನ ಮುಗ್ಧ ಪ್ರಾರ್ಥನೆಯನ್ನೂ ಚಿತ್ರಿಸಿದವನು ಇದೇ ಲೇಖಕ. ಆಚಾರದ ಒಳಗೂ ಕರುಣೆಯು ನೆಲಸಬಲ್ಲುದೆಂದು ಕಾದಂಬರಿಕಾರನು ಅರಿತಿದ್ದನು. ಖಂಡನಕಾರನು ಅದನ್ನು ಮರೆತನು.

ಮುಂದಿನ ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. 1895ರಲ್ಲಿ ಕಾಕಸಸ್ ಪ್ರಾಂತದ ದುಖೊಬೋರ್ ಪಂಥದವರು ತಮ್ಮ ಆಯುಧಗಳನ್ನು ರಾಶಿ ಹಾಕಿ ಸುಟ್ಟು ಸೈನ್ಯಸೇವೆಯನ್ನು ನಿರಾಕರಿಸಿದರು. ಘೋರ ಶಿಕ್ಷೆಗಳನ್ನು ಉಂಡರು. ಅವರಲ್ಲಿ ಸುಮಾರು 7,500 ಮಂದಿ 1899ರಲ್ಲಿ ಕೆನಡಾ ದೇಶಕ್ಕೆ ವಲಸೆಹೋದರು. ಅವರ ನೆರವಿಗಾಗಿ ಟಾಲ್‌ಸ್ಟಾಯನು ‘ಪುನರುತ್ಥಾನ’ ಕಾದಂಬರಿಯ ಸಂಭಾವನೆಯನ್ನು ಒಪ್ಪಿಸಿದನು. ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿಯವರು ಈ ಗ್ರಂಥವನ್ನೋದಿ ಗಾಢವಾಗಿ ಪ್ರಭಾವಿತರಾದರು. 1910ರಲ್ಲಿ ಜೊಹಾನ್ಸ್‌ಬರ್ಗಿನ ಬಳಿ ತಾವು ನೆಲೆಗೊಳಿಸಿದ ಆಶ್ರಮಕ್ಕೆ ಟಾಲ್‌ಸ್ಟಾಯನ ಹೆಸರನ್ನೇ ಇಟ್ಟರು. ಒಬ್ಬೊಬ್ಬನ ನಿರಾಕರಣೆಯಾಗಿದ್ದುದನ್ನು ಅವರು ಸಮುದಾಯದ ಸತ್ಯಾಗ್ರಹವನ್ನಾಗಿ ಬೆಳೆಸಿದರು. ಗುರುವಿನಲ್ಲಿದ್ದ ಕೊರತೆಯನ್ನು ಶಿಷ್ಯನು ಆಚರಣೆಯಿಂದ ತುಂಬಿದನೆಂದರೆ ಅತಿಶಯೋಕ್ತಿಯಾಗದು.

1901ರಲ್ಲಿ ಸಿನಾಡ್ ಮಂಡಲಿಯು ಟಾಲ್‌ಸ್ಟಾಯನು ಚರ್ಚಿಗೆ ಹೊರಗಾದವನೆಂದು ಸಾರಿತು. 1910ರಲ್ಲಿ ಆತನ ದೇಹವನ್ನು ಯಾಸ್ನಾಯಾ ಪೊಲ್ಯಾನಾದಲ್ಲಿ ಚರ್ಚಿನ ವಿಧಿಗಳಿಲ್ಲದೆ ಮಣ್ಣುಮಾಡಲಾಯಿತು. ಆತನು ಕೇಳಿದ ಪ್ರಶ್ನೆಯಾದರೋ ಮಣ್ಣಾಗಲಿಲ್ಲ. ಧರ್ಮಸಂಸ್ಥೆಯೇ ಬೇಡವೆಂಬ ಆತನ ನಿರ್ಣಯವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಬಲಿಷ್ಠನ ಕೃತ್ಯವನ್ನು ಹರಸುವಂತೆ ಕೋರಿಕೆ ಬಂದಾಗ ನಮ್ಮ ಸಂಸ್ಥೆಯು ಏನೆನ್ನುತ್ತದೆ ಎಂಬುದನ್ನು ಪ್ರತಿಯೊಬ್ಬ ಶ್ರದ್ಧಾವಂತನೂ ವಿಚಾರಿಸಿಕೊಳ್ಳಬೇಕು. ಹಾಗೆ ವಿಚಾರಿಸುವ ಧೈರ್ಯವುಳ್ಳ ಸಂಸ್ಥೆಗೆ ಈ ಗ್ರಂಥವು ಶತ್ರುವಲ್ಲ, ಹಿತೈಷಿ.