ಗುಡ್ಡದ ಮೇಲಿನ ಗ್ರಿಂಚ್

ನಮ್ಮ ವಾಚನಾಲಯದ ಮಕ್ಕಳ ಕಪಾಟಿನಲ್ಲಿ ಒಂದು ತೆಳ್ಳಗಿನ ಇಂಗ್ಲಿಷ್ ಚಿತ್ರಪುಸ್ತಕ ಉಂಟು. ಗಲ್ಫಿನಿಂದ ರಜೆಯಲ್ಲಿ ಬಂದವರೊಬ್ಬರು ಕೊಟ್ಟದ್ದು. ಅಮೆರಿಕದ ಡಾ. ಸ್ಯೂಸ್ 1957ರಲ್ಲಿ ಬರೆದು ಚಿತ್ರಿಸಿದ ಗ್ರಿಂಚ್‌ನ ಕಥೆ ಅದು. ಒಂದು ಭಾನುವಾರ ಮಕ್ಕಳಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಮುಗಿದ ಮೇಲೆ ಐದನೆಯ ತರಗತಿಯ ಹುಡುಗಿಯೊಬ್ಬಳು, "ಮಾಷ್ಟ್ರೇ, ಅವನನ್ನು ಮೊದಲೇ ಯಾರಾದ್ರೂ ಹಬ್ಬಕ್ಕೆ ಕರೀಬಹುದಿತ್ತಲ್ಲ?" ಎಂದಳು. ಉತ್ತರ ಹೊಳೆಯಲಿಲ್ಲ. ಪುಸ್ತಕವನ್ನು ಮನೆಗೆ ಕೊಂಡುಹೋಗಿ ಮತ್ತೆ ಓದಿದೆ.

ಕಥೆ ಸಣ್ಣದು. ಹೂವಿಲ್ ಎಂಬ ಊರಿನವರಿಗೆ ಕ್ರಿಸ್ಮಸ್ ಎಂದರೆ ಜೀವ. ಊರಿನ ಮೇಲಿನ ಗುಹೆಯಲ್ಲಿರುವ ಗ್ರಿಂಚ್‌ಗೆ ಅದನ್ನು ಕಂಡರಾಗದು. ಮುಖ್ಯವಾಗಿ ಆ ಗದ್ದಲ. 53 ವರ್ಷ ಸಹಿಸಿದವನು ಒಂದು ರಾತ್ರಿ ಸಾಂಟಾ ಕ್ಲಾಸ್‌ನ ವೇಷ ಹಾಕಿ, ಮ್ಯಾಕ್ಸ್ ಎಂಬ ಬಡಪಾಯಿ ನಾಯಿಯ ತಲೆಗೆ ಕೊಂಬು ಕಟ್ಟಿ, ಗಾಡಿ ಎಳೆಸಿಕೊಂಡು ಇಳಿಯುತ್ತಾನೆ. ಉಡುಗೊರೆ, ಊಟ, ಒಲೆಯ ಕಟ್ಟಿಗೆ ಯಾವುದನ್ನೂ ಬಿಡುವುದಿಲ್ಲ. ನಡುವೆ ಎದ್ದುಬಂದ ಸಿಂಡಿ ಲೂ ಎಂಬ ಪುಟ್ಟ ಮಗು, ಮರ ಯಾಕೆ ಒಯ್ಯುತ್ತೀ ಎಂದು ಕೇಳಿದರೆ, ದೀಪ ಕೆಟ್ಟಿದೆ, ರಿಪೇರಿ ಮಾಡಿ ತರುತ್ತೇನೆ ಎಂದು ಸುಳ್ಳು ಹೇಳುತ್ತಾನೆ. ಮತ್ತೆ ಅವಳಿಗೆ ಕುಡಿಯಲು ಏನೋ ಕೊಟ್ಟು ಮಲಗಿಸುತ್ತಾನೆ ಕೂಡ! ಬೆಳಗಾದಾಗ ಕೆಳಗಿನಿಂದ ಅಳು ಕೇಳೀತು ಎಂದು ಕಿವಿಗೊಟ್ಟರೆ ಕೇಳುವುದು ಹಾಡು. ಏನೂ ಇಲ್ಲದೆಯೂ ಹಬ್ಬ ಬಂದಿದೆ. ಅವನ ಕುಗ್ಗಿದ ಹೃದಯ ಹಿಗ್ಗುತ್ತದೆ. ಎಲ್ಲ ಹಿಂದೆ ತರುತ್ತಾನೆ. ಅಂದಿನ ಔತಣದ ಮಾಂಸ ಕತ್ತರಿಸಿ ಬಡಿಸುವವನೂ ಅವನೇ.

ಆದರೆ ಲೋಕ ನೆನಪಿಟ್ಟುಕೊಂಡದ್ದು ಬಡಿಸಿದ ಗ್ರಿಂಚನ್ನಲ್ಲ, ಕದ್ದ ಗ್ರಿಂಚನ್ನು. ಇಂಗ್ಲಿಷಿನಲ್ಲಿ ಈಗ ಆ ಹೆಸರೇ ಒಂದು ಬೈಗುಳ. ಹಬ್ಬದ ಉತ್ಸಾಹಕ್ಕೆ ತಣ್ಣೀರೆರಚುವವನು ಗ್ರಿಂಚ್. ಪುಸ್ತಕದಲ್ಲಿ ಅವನಿಗೆ ಹಸಿರು ಬಣ್ಣವೇ ಇಲ್ಲ, ಕಪ್ಪು ಗೆರೆಗಳ ನಡುವೆ ಕೆಂಪು ಮಾತ್ರ. ಹಸಿರು ಹಚ್ಚಿದ್ದು 1966ರಲ್ಲಿ ಚಕ್ ಜೋನ್ಸ್ ಟಿವಿಗಾಗಿ ಮಾಡಿದ ಕಾರ್ಟೂನು. ಇವತ್ತು ಆ ಹಸಿರು ಮುಖ ಅಂಗಿಯ ಮೇಲೆ, ಕಾಫಿ ಲೋಟದ ಮೇಲೆ, ಗೊಂಬೆಯಾಗಿ ಮಾರಾಟಕ್ಕುಂಟು. ಹಬ್ಬ ಅಂಗಡಿಯಿಂದ ಬರುವುದಲ್ಲ ಎಂದು ಕಂಡುಕೊಂಡವನನ್ನೇ ಅಂಗಡಿಯಲ್ಲಿಟ್ಟಿದ್ದಾರೆ. ನಾವೂ ಯಕ್ಷಗಾನದಲ್ಲಿ ನಿದ್ದೆಗೆಟ್ಟು ಕಾಯುವುದು ಬಣ್ಣದ ವೇಷಕ್ಕೆ ತಾನೇ? ಹಾಗಾಗಿ ಅವರನ್ನು ಬರೇ ನಗುವಂತಿಲ್ಲ.

ಸ್ಯೂಸ್ ಮಾತ್ರ ಗ್ರಿಂಚನ್ನು ದೂರದವನೆಂದು ತಿಳಿದಿರಲಿಲ್ಲ. ಕ್ರಿಸ್ಮಸ್‌ನ ಮರುದಿನ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಅಂಥದೇ ಮುಖ ಕಂಡಿತೆಂದು ಅವರೇ ಹೇಳಿಕೊಂಡಿದ್ದಾರೆ. ಪುಸ್ತಕ ಬಂದಾಗ ಅವರಿಗೆ ವಯಸ್ಸು 53.

ಹುಡುಗಿಯ ಪ್ರಶ್ನೆ ಸಿನಿಮಾದವರಿಗೂ ಹೊಳೆದಿದೆ. 2000ದಲ್ಲಿ ಜಿಮ್ ಕ್ಯಾರಿ ನಟಿಸಿದ ಚಿತ್ರದಲ್ಲಿ ಸಿಂಡಿ ಲೂ ಬೆಟ್ಟ ಹತ್ತಿ ಅವನನ್ನು ಕರೆಯುತ್ತಾಳೆ. ಇದು ಒಳ್ಳೆಯದೇ. ಆದರೆ ಜೊತೆಗೆ ಒಂದು ಕಾರಣವನ್ನೂ ಅಂಟಿಸಿದರು: ಶಾಲೆಯಲ್ಲಿ ಮಕ್ಕಳು ಗೇಲಿ ಮಾಡಿದ್ದರಂತೆ. 2018ರ ಕಾರ್ಟೂನ್ ಚಿತ್ರದಲ್ಲಿ ಅವನು ಅನಾಥಾಲಯದ ಮಗು. ನನಗೆ ಇದು ಹಿಡಿಸಲಿಲ್ಲ. ಪುಸ್ತಕ ಕಾರಣ ಹುಡುಕುವವರನ್ನೇ ತಮಾಷೆ ಮಾಡುತ್ತದೆ. ತಲೆ ಸರಿಯಾಗಿ ಕೂತಿಲ್ಲವೋ, ಬೂಟು ಬಿಗಿಯೋ, ಹೃದಯ ಎರಡು ಅಳತೆ ಚಿಕ್ಕದೋ ಎಂದು. ಕಣ್ಣೀರಿನ ಕತೆಯೊಂದು ಇದ್ದರೆ ಮಾತ್ರ ಒಬ್ಬನನ್ನು ಊಟಕ್ಕೆ ಕರೆಯಬೇಕೆ?

ನನ್ನ ಮಾತೇ ಹೇಳುತ್ತೇನೆ. ಪ್ರಾಯದಲ್ಲಿ ನಾನು ಊರ ಉತ್ಸವವೊಂದರ ಮೈಕಿನ ಉಸ್ತುವಾರಿಯಲ್ಲಿದ್ದೆ. ಶಬ್ದ ಸ್ವಲ್ಪ ತಗ್ಗಿಸಿ ಎಂದು ಹತ್ತಿರದ ಮನೆಯ ಅಜ್ಜನೊಬ್ಬರು ಎರಡು ಸಲ ಬಂದು ಹೇಳಿದರು. ಮೂರನೆಯ ಸಲ ನಾವು ಸ್ಪೀಕರಿನ ಬಾಯಿಯನ್ನು ಅವರ ಮನೆಯ ಕಡೆಗೇ ತಿರುಗಿಸಿದೆವು. ಮಗ ಬಿಟ್ಟು ಹೋದದ್ದಕ್ಕೆ ಹೀಗೆ, ಭಕ್ತಿ ಇಲ್ಲದ್ದಕ್ಕೆ ಹೀಗೆ ಎಂದು ಎಷ್ಟೋ ಕಾರಣ ಆಡಿಕೊಂಡೆವು. ಅವರಿಗೆ ಬೇಕಾದದ್ದು ನಿದ್ದೆ. ಸಮಾರಾಧನೆಯ ದಿನ ಅವರನ್ನು ಕರೆಯಲು ನಮ್ಮಲ್ಲಿ ಯಾರೂ ಹೋಗಲಿಲ್ಲ. ಇವರೇ ಬರುವುದಿಲ್ಲ ಎಂದು ನಾವೇ ತೀರ್ಮಾನ ಮಾಡಿದ್ದೆವು.

ಪುಸ್ತಕದಲ್ಲಿ ನನಗೆ ಕೊರತೆ ಕಾಣುವುದು ಇಲ್ಲೇ. ಬದಲಾಗುವ ಕೆಲಸ ಪೂರ್ತಿ ಗ್ರಿಂಚ್‌ನದು. ಕಳ್ಳನನ್ನೇ ಪಂಕ್ತಿಗೆ ಕೂರಿಸುವ ಊರು ದೊಡ್ಡದೇ, ಸಂಶಯವಿಲ್ಲ. ಆದರೆ 53 ವರ್ಷದಲ್ಲಿ ಒಬ್ಬರಾದರೂ ಆ ಬೆಟ್ಟ ಹತ್ತಿದ್ದನ್ನು ಸ್ಯೂಸ್ ತೋರಿಸುವುದಿಲ್ಲ.

ಮುಂದಿನ ಭಾನುವಾರ ಮಕ್ಕಳು ಮತ್ತೆ ಅದೇ ಕತೆ ಬೇಕೆಂದರು. ಈ ಸಲ ಹೇಳಲು ಆ ಹುಡುಗಿಯನ್ನೇ ಕೂರಿಸಿದೆ. ಅವಳ ಕತೆಯಲ್ಲಿ ಸಿಂಡಿ ಲೂ ಮಲಗಲು ಹೋಗಲಿಲ್ಲ. "ನಾನೂ ಬರ್ತೇನೆ" ಅಂತ ಗಾಡಿ ಹತ್ತಿ ಮ್ಯಾಕ್ಸ್‌ನ ಕೊಂಬು ಬಿಚ್ಚಿದಳು.